ನೀರುಕಾಗೆಯ ಕಿವಿ ಹೇಳಿದ್ದೆಷ್ಟು

ನಾನು ಹೋಗುವಷ್ಟರಲ್ಲಿ ಹಕ್ಕಿಗಳನ್ನು ಕಾರ್ಖಾನೆಯ ಗೇಟಿಗೆ ಕಟ್ಟಿಬಿಟ್ಟಿದ್ದರು. ಕಾಲಿಗೆ ಸೆಣಬಿನ ಹುರಿ, ತಲೆ ಕೆಳಗೆ, ರೆಕ್ಕೆ ಜೋತುಬಿದ್ದು ಸಾಲಾಗಿ ನೇತಾಡುತ್ತಿದ್ದವು. ಎಲ್ಲವೂ ನೀರುಕಾಗೆಗಳು. ಹಿಂದಿನ ಬೆಳಿಗ್ಗೆ ಊರ ಕೆರೆಯಲ್ಲಿ ಸತ್ತು ತೇಲುತ್ತಿದ್ದವನ್ನು ಬುಟ್ಟಿಯಲ್ಲಿ ತುಂಬಿ ತಂದು, ಕಪ್ಪು ಬಾವುಟದ ಬದಲು ಕಪ್ಪು ಹಕ್ಕಿಗಳನ್ನೇ ಕಟ್ಟಿ ಧರಣಿ ಕೂತಿದ್ದರು. ಪೇಪರಿನವರು ಫೋಟೊ ತೆಗೆದುಕೊಂಡು ಹೋಗಿದ್ದೂ ಆಗಿತ್ತು. ಹೆಣ ಕುಯ್ದು ನೋಡಬೇಕಾದವಳು ಮಾತ್ರ ಮಾರನೆಯ ದಿನ ಬಂದಿದ್ದೆ. ಬಿಸಿಲಿಗೆ ವಾಸನೆ ಏಳತೊಡಗಿತ್ತು, ನನಗೆ ಸಿಟ್ಟು ಏರತೊಡಗಿತ್ತು.

ಹಾರೋಹಳ್ಳಿಯ ಸುತ್ತ ರಾಗಿ ಹೊಲಗಳ ನಡುವೆ ಒಂದೊಂದೇ ಶೆಡ್ಡು ಏಳುತ್ತಿದ್ದ ವರ್ಷಗಳವು. ನಾನು ಮರಳವಾಡಿ ಕಡೆಯ ಪಶು ಆಸ್ಪತ್ರೆಯಲ್ಲಿದ್ದೆ. ಹಸುವಿನ ಕೆಚ್ಚಲು ಬಾವು, ಕುರಿಯ ಜಂತು, ಕೋಳಿಯ ರೋಗ, ಇವೇ ನನ್ನ ಪ್ರಪಂಚ. ನೀರುಕಾಗೆಯನ್ನು ಅದುವರೆಗೆ ಕೈಯಲ್ಲಿ ಹಿಡಿದವಳೇ ಅಲ್ಲ.

"ದನದ ಡಾಕ್ಟ್ರಮ್ಮ ಬಂದ್ರು, ದಾರಿ ಬುಡ್ರಲಾ" ಎಂದು ಯಾರೋ ಕೂಗಿದರು. ಧರಣಿಯ ಮುಂದಾಳು ಎದ್ದು ಬಂದ. ಬಿಳಿ ಬಟ್ಟೆ, ಹೆಗಲ ಮೇಲೆ ಹಸಿರು ಟವೆಲು.

"ಇದ್ರಲ್ಲಿ ಕುಯ್ದು ನೋಡೋದೇನೈತೆ ಡಾಕ್ಟ್ರಮ್ಮ? ಫ್ಯಾಕ್ಟ್ರಿ ನೀರು ಕುಡ್ದು ಸತ್ತವೆ ಅಂತ ಬರ್ದುಕೊಡಿ, ಮುಗೀತು."

"ಕಾರಣ ನೀವೇ ಹೇಳೋದಾದ್ರೆ ನನ್ನನ್ಯಾಕೆ ಕರೆಸಿದ್ರಿ?" ಎಂದೆ. ನನ್ನ ಬಾಯಿ ಆಗಲೂ ಹೀಗೇ ಇತ್ತು.

ಅವರ ದೂರು ಸುಳ್ಳೆಂದು ತಳ್ಳಿಹಾಕುವಂಥದ್ದಲ್ಲ. ಅದು ಬಣ್ಣಕ್ಕೆ ಬೇಕಾದ ರಾಸಾಯನಿಕ ತಯಾರಿಸುವ ಕಾರ್ಖಾನೆ. ಹಿಂಬದಿಯಲ್ಲಿ ಕೊಳಚೆ ನೀರು ಶುದ್ಧ ಮಾಡುವ ತೊಟ್ಟಿಗಳಿದ್ದವು. ಅದರಾಚೆಯ ಹಳ್ಳ ಹರಿದು ಸೇರುವುದು ಇದೇ ಕೆರೆಗೆ. ಆ ತೊಟ್ಟಿಗಳನ್ನು ನೋಡಿಕೊಳ್ಳುತ್ತಿದ್ದವನು ಇದೇ ಊರಿನ ಯುವಕ. ಕಾಯಂ ಕೆಲಸ ಸಿಕ್ಕಿದವನು ಊರಿಗೆಲ್ಲ ಅವನೊಬ್ಬನೇ. ಹಕ್ಕಿಗಳು ಸತ್ತ ಹಿಂದಿನ ಸಂಜೆ ಪಾಳಿಯಲ್ಲಿದ್ದವನೂ ಅವನೇ. ವಾಲ್ವ್ ತಿರುಗಿಸಿ ವಿಷದ ನೀರನ್ನು ಹಳ್ಳಕ್ಕೆ ಬಿಟ್ಟ ಎಂದು ಊರು ಅವನ ಮೇಲೆ ಬಿದ್ದಿತ್ತು. ಕಾರ್ಖಾನೆಯವರು ಕೆಲಸದಿಂದ ನಿಲ್ಲಿಸಿದ್ದರು. ಪೊಲೀಸರು ಠಾಣೆಗೆ ಕರೆಸಿ ಬೆಂಚಿನ ಮೇಲೆ ಕೂರಿಸಿದ್ದರು. ಡಾಕ್ಟರು ವಿಷ ಎಂದರೆ ಕೇಸು, ಇಲ್ಲವೆಂದರೆ ಮನೆಗೆ ಎಂದು ಇನ್‌ಸ್ಪೆಕ್ಟರು ಫೋನಿನಲ್ಲೇ ನನಗೆ ತಿಳಿಸಿದ್ದರು. ಒಬ್ಬ ಮನುಷ್ಯನ ಹಣೆಬರಹ ಕೊಳೆಯುತ್ತಿರುವ ಹಕ್ಕಿಯ ಹೊಟ್ಟೆಯಲ್ಲಿದೆ ಎಂಬ ವಿಚಾರ ನನ್ನನ್ನು ನಿಂತಲ್ಲಿ ನಿಲ್ಲಗೊಡಲಿಲ್ಲ.

ಅರಣ್ಯ ಇಲಾಖೆಯ ಗಾರ್ಡ್ ಎದುರಿಗೆ ಹಕ್ಕಿಗಳನ್ನು ಇಳಿಸಿಕೊಂಡು, ಪ್ಲಾಸ್ಟಿಕ್ ಹಾಳೆಯ ಮೇಲೆ ಕುಯ್ಯಲು ಕೂತೆ. ವಿಷದ ಅನುಮಾನ ಇದ್ದಾಗ ಮೊದಲು ಹೊಟ್ಟೆ, ಪಿತ್ತಜನಕಾಂಗ, ಮೂತ್ರಪಿಂಡ. ತುಂಡು ತೆಗೆದು ಗಟ್ಟಿ ಉಪ್ಪುನೀರಿನ ಬಾಟಲಿಗೆ ಹಾಕಿ, ಅರಗಿನ ಮೊಹರು ಒತ್ತಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಬೇಕು. ಉತ್ತರ ಬರುವುದು ಯಾವ ಕಾಲಕ್ಕೋ ಹೇಳುವಂತಿಲ್ಲ. ಮೊದಲ ಹಕ್ಕಿಯ ಹೊಟ್ಟೆ ಕತ್ತರಿಸಿದಾಗಲೇ ಕೈ ತಡೆಯಿತು. ಒಳಗೆ ಮೀನು ಇಡಿಯಾಗಿತ್ತು. ಇನ್ನೊಂದರ ಗಂಟಲಲ್ಲೇ ಮೀನು ಸಿಕ್ಕಿಕೊಂಡಿತ್ತು. ನುಂಗುತ್ತಿದ್ದ ಹಾಗೇ ಸತ್ತಿದೆ. ವಿಷ ಕುಡಿದ ಪ್ರಾಣಿ ಮೊದಲು ಮೇವು ಬಿಡುತ್ತದೆ, ನರಳುತ್ತದೆ, ಮೂಲೆ ಸೇರುತ್ತದೆ. ಇವು ಹೊಟ್ಟೆ ತುಂಬ ಬೇಟೆಯಾಡುತ್ತ ಒಂದೇ ಕ್ಷಣದಲ್ಲಿ ಸತ್ತಂತಿದ್ದವು. ಶ್ವಾಸಕೋಶದಲ್ಲಿ ರಕ್ತ ಕಂಡಿತು, ಆದರೆ ಅಷ್ಟು ಕೊಳೆತಿದ್ದರಲ್ಲಿ ಅದನ್ನು ನಂಬುವುದು ಹೇಗೆ?

ತಲೆ ತಿರುಗಿಸಿ ನೋಡಿದಾಗ ಕಣ್ಣಿನ ಹಿಂದೆ ಪುಕ್ಕ ಅಂಟಂಟಾಗಿತ್ತು. ಬಿಡಿಸಿ ನೋಡಿದರೆ ಒಣಗಿದ ರಕ್ತ. ಕಿವಿ ಇರುವ ಜಾಗ. ಸುಮ್ಮನಿರಲಾರದೆ ನಾಲ್ಕಾರು ತಲೆಗಳನ್ನು ಕತ್ತರಿಸಿ ಲಸಿಕೆ ಒಯ್ಯುವ ಐಸ್ ಡಬ್ಬದಲ್ಲಿ ಇಟ್ಟುಕೊಂಡೆ.

ಅಲ್ಲಿಂದ ಕೆರೆಗೆ ಹೋದೆ. ಕೆರೆಯಲ್ಲಿ ಬೆಳ್ಳಕ್ಕಿಗಳು ಒಂದೊಂದೇ ಕಾಲು ಎತ್ತಿಡುತ್ತ ಮೀನು ಹೆಕ್ಕುತ್ತಿದ್ದವು. ದಡದಲ್ಲಿ ಎಮ್ಮೆಗಳು ನೀರು ಕುಡಿಯುತ್ತಿದ್ದವು. ವಿಷದ ಕೆರೆಯಲ್ಲಿ ಮುಳುಗುವ ಹಕ್ಕಿ ಮಾತ್ರ ಸತ್ತು, ನಿಂತು ತಿನ್ನುವ ಹಕ್ಕಿ ಬದುಕುವುದು ಎಂಥ ಲೆಕ್ಕ? ಸತ್ತ ಮೀನುಗಳಾದರೂ ಎಲ್ಲಿ? ಒಂದೂ ಕಾಣಲಿಲ್ಲ.

ಮರುದಿನ ಆ ಯುವಕನ ಅಕ್ಕ ಹಸು ಹೊಡೆದುಕೊಂಡು ಆಸ್ಪತ್ರೆಗೆ ಬಂದಳು. ಅದೇ ಊರಿನಲ್ಲೇ ಅವಳನ್ನು ಕೊಟ್ಟಿದ್ದರು. ಹಸುವಿಗೆ ಏನೂ ಆಗಿರಲಿಲ್ಲ, ಅದು ನೆಪ.

"ನನ್ನ ತಮ್ಮ ಅಂಥವನಲ್ಲ ಡಾಕ್ಟ್ರಮ್ಮ. ಠಾಣೇಲಿ ಕುಂತು ಕುಂತು ಅರ್ಧ ಆಗವ್ನೆ. ನೀವೇ ಒಸಿ ನೋಡ್ಬೇಕು."

"ನೋಡ್ತಾ ಇದ್ದೀನಲ್ಲಮ್ಮ. ವಿಷ ಅಂತ ಬಂದ್ರೆ ನಾನೇನು ಮಾಡಲಿ?"

"ಎಲ್ಲೀ ಇಸ? ಆ ಮೀನು ಊರೋರೆಲ್ಲ ತಿಂದವ್ರೆ. ಒಂದ್ ಬೆಕ್ಕಿಗಾದ್ರೂ ಏನಾರ ಆಯ್ತಾ?" ಎಂದವಳು ತಟ್ಟನೆ ಬಾಯಿ ಮುಚ್ಚಿಕೊಂಡಳು.

"ಯಾವ ಮೀನು? ಯಾರು ತಂದದ್ದು?"

"ನಂಗೊತ್ತಿಲ್ಲ ಕಣವ್ವಾ." ಹಸುವಿನ ಹಗ್ಗ ಎಳೆದುಕೊಂಡು ಹೊರಟೇಬಿಟ್ಟಳು. ಮೆಟ್ಟಿಲಿನ ಹತ್ತಿರ ತಿರುಗಿ, "ಹೇಳ್ದೋರ ಮನೇಗೆ ನಾಳೆ ಯಾರೂ ಒಲೆ ಕೆಂಡ ಕೊಡಾಕಿಲ್ಲ" ಎಂದಳು.

ಆಗ ನನಗೆ ಹೊಳೆಯಿತು. ಈ ಸೀಮೆಯ ಬಂಡೆ ಕ್ವಾರಿಗಳಲ್ಲಿ ಕೆಲಸ ಮಾಡುವವರ ಕೈಗೆ ಕಲ್ಲು ಸಿಡಿಸುವ ಜಿಲೆಟಿನ್ ಕಡ್ಡಿ ಸಿಗುತ್ತದೆ. ಒಂದು ಕಡ್ಡಿಗೆ ಬತ್ತಿ ಕೊಟ್ಟು ನೀರಿಗೆಸೆದರೆ ಮೀನೆಲ್ಲ ಹೊಟ್ಟೆ ಮೇಲಾಗಿ ಏಳುತ್ತವೆ. ಬಲೆ ಬೇಡ, ಕಾಯುವುದು ಬೇಡ. ಕೆರೆಗೆ ಮದ್ದು ಇಟ್ಟಿದ್ದಾರೆ. ಆ ಹೊತ್ತಿಗೆ ನೀರಿನೊಳಗೆ ಮುಳುಗಿದ್ದ ಹಕ್ಕಿಗಳು ಸತ್ತಿವೆ, ದಡದಲ್ಲಿ ನಿಂತಿದ್ದ ಬೆಳ್ಳಕ್ಕಿಗಳು ಹಾರಿ ಬದುಕಿವೆ. ಮೀನು ಊರಿನ ಸಾರಾಗಿದೆ. ತಿಂದವರೆಲ್ಲ ಬಾಯಿ ಹೊಲಿದುಕೊಂಡಿದ್ದಾರೆ. ಆದರೆ ನನಗೆ ಹೊಳೆದದ್ದನ್ನು ಇನ್‌ಸ್ಪೆಕ್ಟರ್ ಒಪ್ಪಬೇಕಲ್ಲ. ಕೈಯಲ್ಲಿದ್ದದ್ದು ಕೊಕ್ಕಿನ ಆ ನಾಲ್ಕಾರು ತಲೆ ಮಾತ್ರ.

ಸ್ಫೋಟದ ಪೆಟ್ಟು ಮೊದಲು ಬೀಳುವುದು ಕಿವಿಗೆ. ನಾಯಿಗಳ ಕಿವಿ ನೋಡುವ ಬೆಳಕಿನ ಕೊಳವೆ ತೆಗೆದೆ. ಕೋಳಿಯ ಕಿವಿಯಾದರೆ ಪುಕ್ಕ ಸರಿಸಿದರೆ ಸಾಕು, ತೂತು ಚೆನ್ನಾಗಿ ಕಾಣುತ್ತದೆ. ಇದರದು ಹುಡುಕಿದರೂ ಸಿಗಲಿಲ್ಲ. ಒತ್ತೊತ್ತಾದ ಪುಕ್ಕದ ಕೆಳಗೆ ಸೂಜಿಮೊನೆ ಚುಚ್ಚಿದಷ್ಟೇ ಒಂದು ರಂಧ್ರ. ನನ್ನಲ್ಲಿದ್ದ ಅತಿ ಸಣ್ಣ ಕೊಳವೆಯೂ ಒಳಗೆ ಹೋಗಲೊಲ್ಲದು. ನೀರು ನುಗ್ಗದಿರಲೆಂದು ಕಟ್ಟಿದ ಕಿವಿ ನನ್ನನ್ನೂ ಹೊರಗೇ ನಿಲ್ಲಿಸಿತು. ಕೊನೆಗೆ ಸಣ್ಣ ಕತ್ತರಿಯಿಂದ ಬುರುಡೆಯ ಬದಿಯನ್ನು ಚೂರು ಚೂರೇ ತೆಗೆದು ನಡುಗಿವಿಯ ಗೂಡು ತೆರೆದೆ. ಒಳಗೆಲ್ಲ ಕೆಂಪು. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ.

ಕುರ್ಚಿಯಿಂದ ಎದ್ದು ಕೋಣೆಯಲ್ಲೇ ಓಡಾಡಿದೆ. ಸಂತೋಷವೆಂದರೆ ಅಷ್ಟಿಷ್ಟಲ್ಲ. ಆ ಖುಷಿಯಲ್ಲೇ ನನಗೆ ರೋಗಶಾಸ್ತ್ರ ಕಲಿಸಿದ ಮೇಷ್ಟ್ರಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಹಕ್ಕಿಗಳನ್ನ ಹೇಗೆ ಇಟ್ಟಿದ್ರಮ್ಮ?"

"ಗೇಟಿಗೆ ತಲೆಕೆಳಗಾಗಿ ಕಟ್ಟಿದ್ರು ಸಾರ್."

"ಮತ್ತೆ ಮೈಯಲ್ಲಿರೋ ರಕ್ತ ಎಲ್ಲ ತಲೆಗೇ ಇಳಿಯುತ್ತಲ್ಲ! ನೀನು ನೋಡಿದ್ದು ಆ ರಕ್ತ ಅಲ್ಲ ಅಂತ ಹೇಗೆ ಹೇಳ್ತೀಯ? ಇನ್ನೊಂದು ಕೇಳು. ಮುಳುಗೋ ಹಕ್ಕಿಯ ನಡುಗಿವಿ ಕೋಳಿಯ ಥರ ಬರೀ ಗಾಳಿಗೂಡಲ್ಲ. ಒಳಗೋಡೆಗೆ ಸ್ಪಂಜಿನಂಥ ಮೆತ್ತೆ ಇರುತ್ತೆ, ತುಂಬಾ ರಕ್ತನಾಳ. ಹಕ್ಕಿ ಆಳಕ್ಕೆ ಹೋದ ಹಾಗೆ ನೀರು ಹೊರಗಿಂದ ಕಿವಿತಮಟೆಯನ್ನ ಒತ್ತುತ್ತೆ. ಆಗ ಆ ಮೆತ್ತೆ ರಕ್ತ ತುಂಬಿಕೊಂಡು ಉಬ್ಬಿ ಗೂಡಿನ ಗಾಳಿ ಜಾಗ ಕಡಿಮೆ ಮಾಡುತ್ತೆ. ಒತ್ತಡ ಸರಿದೂಗುತ್ತೆ, ತಮಟೆ ಹರಿಯಲ್ಲ. ಅಂದ್ರೆ ನೀರೊಳಗೆ ಸತ್ತ ಹಕ್ಕಿಯ ಕಿವಿ ಕೆಂಪಗಿರೋದೇ ಸಹಜ. ಕೆಂಪು ಕಂಡ ಕೂಡಲೇ ಸ್ಫೋಟ ಅಂತ ಬರೆದ್ರೆ ಕೋರ್ಟಲ್ಲಿ ನಿನ್ನನ್ನ ಹರಿದು ಹಾಕ್ತಾರೆ."

ಫೋನು ಇಟ್ಟಾಗ ಅಳು ಬಂದುಬಿಟ್ಟಿತು. ಸಿಟ್ಟು ಯಾರ ಮೇಲೆ ತೋರಿಸುವುದು? ನ್ಯಾಯ ಬೇಕೆಂದು ಊರಿನವರು ಮಾಡಿದ ಧರಣಿಯೇ ಇದ್ದೊಂದು ಸಾಕ್ಷಿಯನ್ನು ಕೆಡಿಸಿತ್ತು. ಇನ್‌ಸ್ಪೆಕ್ಟರ ಕಡೆಯಿಂದ ಮತ್ತೆ ಫೋನು ಬಂತು. ಕಾರ್ಖಾನೆಯ ಕಡೆಯಿಂದಲೂ ಬಂತು. ಆ ಯುವಕ ಅದೇ ಬೆಂಚಿನ ಮೇಲಿದ್ದ.

ಹಸುವೊಂದಕ್ಕೆ ಸೂಜಿ ಹಾಕುತ್ತಿದ್ದಾಗ ದಾರಿ ಹೊಳೆಯಿತು. ನೇತು ಹಾಕಿದ್ದೇ ತಪ್ಪಾಗಿದ್ದರೆ, ಅದೇ ತಪ್ಪನ್ನು ಇನ್ನೊಂದು ಹಕ್ಕಿಗೂ ಮಾಡಿದರಾಯಿತು. ಸ್ಫೋಟವಿಲ್ಲದೆ ನೀರೊಳಗೆ ಸತ್ತ ನೀರುಕಾಗೆ ಬೇಕು. ಅದನ್ನೂ ಅಷ್ಟೇ ಹೊತ್ತು ತಲೆಕೆಳಗಾಗಿ ಬಿಸಿಲಲ್ಲಿ ಕಟ್ಟಬೇಕು. ಆಮೇಲೆ ಎರಡು ಕಿವಿಗಳಲ್ಲಿ ಏನು ವ್ಯತ್ಯಾಸ ಉಳಿಯುತ್ತದೋ ಅದೇ ಸತ್ಯ.

ಚನ್ನಪಟ್ಟಣದ ಕಡೆ ಕಣ್ವ ಜಲಾಶಯದಲ್ಲಿ ಬಲೆ ಬಿಡುವವರಿದ್ದರು. ನೀರಲ್ಲಿ ಬಿಟ್ಟ ಬಲೆಗೆ ಮೀನಿನ ಹಿಂದೆ ನುಗ್ಗಿದ ನೀರುಕಾಗೆಗಳೂ ಸಿಕ್ಕಿ ಸಾಯುವುದುಂಟು ಎಂದು ಗಾರ್ಡ್ ಹೇಳಿದ. ಅವನ ಒಪ್ಪಿಗೆಯೊಂದಿಗೆ ಬೆಳಿಗ್ಗೆ ಬಸ್ಸು ಹತ್ತಿದೆ. ಮೊದಲ ದಿನ ಬರಿಗೈ. ಸಾಯದಿರುವ ಹಕ್ಕಿಗಳನ್ನು ನೋಡುತ್ತ ದಡದ ಮೇಲೆ ಕೂತು, ಒಂದಾದರೂ ಸಾಯಬಾರದೇ ಎಂದು ಅಂದುಕೊಂಡೆ. ನನಗೇ ಹೇಸಿಗೆಯಾಯಿತು. ಅವುಗಳ ಪಾಡಿಗೆ ಅವು ಒಣಮರದ ಮೇಲೆ ರೆಕ್ಕೆ ಹರವಿ ಕೂತಿದ್ದವು. ಮರುದಿನ ಬಲೆ ಎಳೆಯುತ್ತಿದ್ದ ಹಿರಿಯರೊಬ್ಬರು ತೆಪ್ಪದಿಂದಲೇ ಕೂಗಿದರು.

"ತಾಯೀ, ನಿಮ್ದೊಂದು ಸಿಕ್ತು! ಉಸ್ರು ಕಟ್ಟಿ ಸತ್ತೈತೆ. ಬಲೆನೂ ಹರ್ದಾಕೈತೆ ನೋಡಿ ಹಾಳಾದ್ದು."

"ಮದ್ದು ಗಿದ್ದು ಏನೂ ಇಡಲಿಲ್ಲ ತಾನೇ?"

"ಇಲ್ಲಿ ಮದ್ದು ಇಕ್ಕುದ್ರೆ ನಮ್ ಕೈ ಮುರೀತಾರೆ ಕಣವ್ವ. ಸಣ್ಣ ಮೀನೂ ಸತ್ರೆ ಮುಂದ್ಲ ವರ್ಷ ತಿನ್ನೋದೇನು?"

ಆ ಹಕ್ಕಿಯನ್ನು ಡಬ್ಬದಲ್ಲಿ ತಂದು, ದನಗಳನ್ನು ನಿಲ್ಲಿಸಿ ಸೂಜಿ ಹಾಕುವ ಕಬ್ಬಿಣದ ಚೌಕಟ್ಟಿಗೆ ಕಾಲು ಮೇಲಾಗಿ ಕಟ್ಟಿದೆ. ಬಿಸಿಲು ಅದೇ, ಹುರಿಯೂ ಅಂಥದ್ದೇ. ಹಸು ತಂದವರೆಲ್ಲ ದೂರದಲ್ಲೇ ನಿಂತರು.

"ಮೇಡಂ, ಜನ ಏನೇನೋ ಮಾತಾಡ್ತಾವ್ರೆ. ಡಾಕ್ಟ್ರಮ್ಮ ಮಾಟ ಮಾಡ್ಸೋಕೆ ಕೂತವ್ರೆ ಅಂತ" ಎಂದ ನನ್ನ ಅಟೆಂಡರ್.

"ಮಾಡ್ಸೋಕಲ್ಲ, ತೆಗೆಸೋಕೆ ಅಂತ ಹೇಳು."

ಮಾರನೆಯ ದಿನ ಹಕ್ಕಿಯನ್ನು ಇಳಿಸಿ ನೋಡಿದೆ. ತಲೆ ನೇರಳೆ ಬಣ್ಣಕ್ಕೆ ತಿರುಗಿತ್ತು, ಕಿವಿಯ ಪುಕ್ಕದಲ್ಲಿ ಕೆಂಪು ಕಲೆ. ಥೇಟ್ ಗೇಟಿನ ಹಕ್ಕಿಗಳ ಹಾಗೇ. ಮೇಷ್ಟ್ರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಬರಿಗಣ್ಣಿನ ಸಾಕ್ಷಿ ಅಲ್ಲಿಗೆ ಮುಗಿದಂತಾಯಿತು. ಇನ್ನು ಒಳಗೆ ನೋಡಬೇಕು, ನನ್ನ ಆಸ್ಪತ್ರೆಯ ಭೂತಗನ್ನಡಿಗೆ ಅದು ಆಗದ ಕೆಲಸ.

ರಾಮನಗರದ ರೇಷ್ಮೆ ಬಿತ್ತನೆ ಕೋಠಿಯಲ್ಲಿ ನನ್ನ ಗೆಳತಿಯೊಬ್ಬಳಿದ್ದಳು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಗಂಟುರೋಗದ ಕಣಗಳಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವಳ ಕೆಲಸ. ಐಸ್ ಡಬ್ಬ ಹಿಡಿದು ಅವಳ ಮೇಜಿನ ಮುಂದೆ ನಿಂತೆ.

"ಚಿಟ್ಟೆ ನೋಡೋ ಜಾಗಕ್ಕೆ ಇದೇನೇ ಹೊತ್ಕೊಂಡು ಬಂದೆ? ಇಲ್ಲಿ ಚಿಟ್ಟೆ ಹೊರಟ ಗೂಡಿನ ವಾಸನೆಯೇ ಸಾಲದಾ?" ಎಂದಳು. ಆದರೂ ಊಟದ ಹೊತ್ತಿನಲ್ಲಿ ಮೇಜು ಬಿಟ್ಟುಕೊಟ್ಟು, ಕಡಿಮೆ ಹಿಗ್ಗಿಸುವ ಮಸೂರ ಹಾಕಿ, ಪಕ್ಕದಿಂದ ಟೇಬಲ್ ಲೈಟ್ ತಿರುಗಿಸಿದಳು.

ಮೊದಲು ಕಣ್ವದ ಹಕ್ಕಿ. ಗೂಡು ತೆರೆದರೆ ಮೆತ್ತೆ ಉಬ್ಬಿ ಕಡುಗೆಂಪಾಗಿತ್ತು. ಅದರ ರಕ್ತವೆಲ್ಲ ಮೆತ್ತೆಯ ಒಳಗೇ ಇತ್ತು, ಗೂಡಿಗೆ ಚೆಲ್ಲಿರಲಿಲ್ಲ. ನಡುವೆ ತಮಟೆ. ಕೋಳಿಯದಕ್ಕಿಂತ ಚಿಕ್ಕದು, ದಪ್ಪ. ಒಳಗಿವಿಗೆ ಸದ್ದು ಮುಟ್ಟಿಸುವ ಮೂಳೆ ಹಕ್ಕಿಗೆ ಒಂದೇ. ಅದೂ ಇಲ್ಲಿ ಗಟ್ಟಿಮುಟ್ಟಾಗಿ ತಮಟೆಯಿಂದ ಒಳಗೋಡೆಗೆ ನೆಟ್ಟ ಕಂಬದ ಹಾಗೆ ನಿಂತಿತ್ತು. ತಲೆಕೆಳಗಾಗಿ ನೇತಾಡಿ, ಬಿಸಿಲಿಗೆ ಒಣಗಿದರೂ ತಮಟೆಯಲ್ಲಿ ಒಂದು ಸೀಳಿಲ್ಲ. ನೋಡುತ್ತ ಒಂದು ಕ್ಷಣ ನಾನು ಬಂದ ಕೆಲಸವನ್ನೇ ಮರೆತೆ. ದಿನಕ್ಕೆ ಎಷ್ಟೋ ಸಲ ನೀರೊಳಗೆ ಹೋಗಿ ಬರುವ ಜೀವಕ್ಕೆ ಎಂಥ ಅಚ್ಚುಕಟ್ಟಾದ ಏರ್ಪಾಡು!

ಆಮೇಲೆ ಗೇಟಿನ ಹಕ್ಕಿ, ನಾನು ಮೊದಲು ಕತ್ತರಿ ಹಾಕದೆ ಬಿಟ್ಟಿದ್ದ ಇನ್ನೊಂದು ಬದಿಯ ಕಿವಿ. ತಮಟೆ ಅಂಚಿನಿಂದ ಅಂಚಿಗೆ ಹರಿದು ಎರಡಾಗಿ ಮಡಚಿಕೊಂಡಿತ್ತು. ಕಂಬದ ಮೂಳೆ ಬುಡದಿಂದ ಕಿತ್ತು ಅಡ್ಡ ಬಿದ್ದಿತ್ತು. ಮೆತ್ತೆ ಒಡೆದು, ರಕ್ತ ಗೂಡಿನಲ್ಲಿ ಹೆಪ್ಪುಗಟ್ಟಿ ಕೂತಿತ್ತು. ಎರಡನೆಯ ತಲೆ, ಮೂರನೆಯ ತಲೆ, ಎಲ್ಲದರಲ್ಲೂ ಅದೇ. ನಿಧಾನವಾಗಿ ಏರುವ ನೀರಿನ ಒತ್ತಡಕ್ಕೆ ಈ ಕಿವಿ ಸಿದ್ಧವಾಗಿತ್ತು, ಮದ್ದಿನ ಪೆಟ್ಟಿಗಲ್ಲ. ಮೆತ್ತೆ ಉಬ್ಬಲು ಪುರುಸೊತ್ತಾದರೂ ಬೇಡವೇ?

ಗೆಳತಿಗೂ ತೋರಿಸಿದೆ. ಇಣುಕಿದವಳು ಮಸೂರದಿಂದ ಕಣ್ಣು ತೆಗೆದು, "ಪಾಪ ಕಣೇ" ಎಂದಳು. ನನಗೂ ಅಷ್ಟೇ ಅನ್ನಿಸಿತು.

ವರದಿ ಬರೆದೆ. ನೀರಿನೊಳಗಿನ ಸ್ಫೋಟದ ಪೆಟ್ಟಿನಿಂದ ಸಾವು ಎಂದು ಬರೆದು, ಹೋಲಿಸಿ ನೋಡಿದ ಕ್ರಮವನ್ನೂ ವಿವರಿಸಿ ಮೇಷ್ಟ್ರಿಗೆ ತೋರಿಸಿದೆ. ಈ ಸಲ ಅವರು ಒಂದೂ ಪ್ರಶ್ನೆ ಕೇಳಲಿಲ್ಲ. ಇನ್‌ಸ್ಪೆಕ್ಟರ್ ಓದಿ, ಆ ಯುವಕನನ್ನು ಮನೆಗೆ ಕಳಿಸಿದರು.

ಸಂಜೆಯೇ ಕಾರ್ಖಾನೆಯ ಮ್ಯಾನೇಜರ್ ಕಾರಿನಲ್ಲಿ ಬಂದರು. ವರದಿಗೆ ಒಂದು ಸಾಲು ಸೇರಿಸಬೇಕಂತೆ: ಕಾರ್ಖಾನೆಯ ನೀರಿನಿಂದ ಯಾವ ತೊಂದರೆಯೂ ಇಲ್ಲ ಎಂದು. "ಹೇಗೂ ಗೊತ್ತಾಯ್ತಲ್ಲ ಮೇಡಂ" ಎಂದು ನಕ್ಕರು.

"ನಾನು ಹಕ್ಕಿಯ ಕಿವಿ ನೋಡಿದ್ದೀನಿ, ನಿಮ್ಮ ತೊಟ್ಟಿ ನೋಡಿಲ್ಲ. ಎರಡೂ ಒಂದೇ ವರದಿಯಲ್ಲಿ ಬರೋಲ್ಲ" ಎಂದೆ. ನಗು ಅಲ್ಲೇ ನಿಂತಿತು.

ಊರಿನವರು ಇನ್ನೂ ಮುನಿದರು. ಮುಂದಾಳು ದಾರಿಯಲ್ಲಿ ಸಿಕ್ಕಾಗ, "ಫ್ಯಾಕ್ಟ್ರಿಯೋರು ಚೆನ್ನಾಗೇ ನೋಡ್ಕೊಂಡವ್ರೆ ಬುಡಿ ನಿಮ್ಮನ್ನ" ಎಂದ. ಸತ್ಯ ಹೇಳಿದವಳೆಂಬ ಹೆಮ್ಮೆ ಆ ಒಂದು ಮಾತಿಗೆ ನೆಲ ಕಚ್ಚಿತು. ಮನೆಗೆ ಕರೆದು ಚಿಕಿತ್ಸೆ ಮಾಡಿಸುತ್ತಿದ್ದವರು ಹಸುಗಳನ್ನು ಕನಕಪುರಕ್ಕೆ ಹೊಡೆದುಕೊಂಡು ಹೋಗತೊಡಗಿದರು. ನಾನು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ ಎಂಬುದೊಂದೇ ಆಗ ನನಗಿದ್ದ ಆಸರೆ.

ಕೆಲವು ದಿನಗಳ ಮೇಲೆ ಆ ಯುವಕ ಬೈಕಿನಲ್ಲಿ ಆಸ್ಪತ್ರೆಗೆ ಬಂದ. ಅವನನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕೂರು ಎಂದರೂ ಕೂರಲಿಲ್ಲ.

"ಕೆಲ್ಸ ವಾಪಸ್ ಕೊಟ್ರು ಮೇಡಂ."

"ಒಳ್ಳೇದಾಯ್ತಲ್ಲಪ್ಪ."

"ಹಕ್ಕಿ ಸತ್ತಿದ್ದು ಮದ್ದಿನ್ದಲೇ ಅಂತೀರಾ? ನಮ್ ನೀರಿಂದೇನೂ ಇಲ್ವಾ?"

"ಹಕ್ಕಿ ಸತ್ತಿದ್ದು ಮದ್ದಿನಿಂದಲೇ. ಅದರಲ್ಲಿ ನನಗೆ ಅನುಮಾನ ಇಲ್ಲ."

ಅವನು ಬಾಗಿಲಿನ ಕಡೆ ನೋಡಿದ. "ಅವತ್ತು ಸಂಜೆ ನಾನು ವಾಲ್ವ್ ತೆಗ್ದಿದ್ದೆ ಮೇಡಂ. ಅವತ್ತೊಂದೇ ದಿನ ಅಲ್ಲ. ಮಳೆ ಬಂದಾಗೆಲ್ಲ ಮೇಲಿನೋರು ತೆಗಿ ಅಂತಾರೆ, ಹಳ್ಳದ ನೀರಲ್ಲಿ ಬೆರ್ತೋಯ್ತದೆ ಅಂತ. ಠಾಣೇಲಿ ಕುಂತಿದ್ದಷ್ಟು ದಿನವೂ ಆ ಹಕ್ಕಿಗಳ್ನ ನಾನೇ ಕೊಂದಿದ್ದು ಅನ್ಕೊಂಡಿದ್ದೆ. ನೀವು ಅಲ್ಲ ಅಂದ್ರಿ. ಈಗ ಮತ್ತೆ ತೆಗಿ ಅಂತವ್ರೆ. ಡಾಕ್ಟ್ರೇ ಬರ್ದುಕೊಟ್ಟವ್ರಲ್ಲ, ಇನ್ನೇನ್ ಭಯ ಅಂತವ್ರೆ."

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಎದ್ದು ಕಿಟಕಿಯ ತನಕ ಹೋಗಿ ಬಂದೆ. ಅವನ ಮೇಲೆ ರೇಗಬೇಕೋ, ಮರುಗಬೇಕೋ ತಿಳಿಯಲಿಲ್ಲ.

"ಇದನ್ನ ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ, ಗೊತ್ತಾ?"

"ಗೊತ್ತು. ನಂದು ಬುಡಿ. ನಿಮ್ದೇ ಯೋಚ್ನೆ. ನಾನು ವಾಲ್ವ್ ತೆಗ್ದಿದ್ದು ಹೌದು ಅಂದ್ರೆ, ನೀವು ಬರ್ದಿದ್ದೂ ಸುಳ್ಳು ಅಂತ ಊರೆಲ್ಲ ಅಂದ್ಕೊಳ್ತದೆ. ಕಿವಿ ಗಿವಿ ಯಾರಿಗ್ ಅರ್ಥ ಆಗ್ತದೆ ಮೇಡಂ?"

ಅದು ನಿಜವಾಗಿತ್ತು. ನನ್ನಲ್ಲಿ ಉಳಿದಿದ್ದ ಒಂದೇ ಆಸರೆಯನ್ನು ಅವನು ಎದುರಿಗಿಟ್ಟು ಕೇಳುತ್ತಿದ್ದ. ಸುಮ್ಮನಿರು ಎಂದಿದ್ದರೆ ಅವನು ಸುಮ್ಮನಿರುತ್ತಿದ್ದ, ಇಬ್ಬರೂ ಉಳಿಯುತ್ತಿದ್ದೆವು. ಹಾಗೆ ಹೇಳಲು ಎಷ್ಟು ಆಸೆಯಾಯಿತೆಂದು ಇವತ್ತಿಗೂ ನೆನಪಿದೆ.

"ಅಂದ್ಕೊಳ್ಳಲಿ" ಎಂದೆ. "ಆ ಪೈಪು ಎಲ್ಲಿ ಹಳ್ಳಕ್ಕೆ ಬೀಳುತ್ತೆ, ತೋರಿಸ್ತೀಯ?"

ಅವನು ಹೊರಗೆ ಹೋಗಿ ಬೈಕಿಗೆ ಕಿಕ್ ಹೊಡೆದ. ನೀರು ಹಿಡಿಯಲು ತೊಳೆದ ಬಾಟಲಿಗಳನ್ನು ಮಡಿಲಲ್ಲಿಟ್ಟುಕೊಂಡು ನಾನು ಹಿಂದೆ ಕೂತೆ.